ಓಜಿಎಲ್ ಗಲಾಟೆಯಲ್ಲಿ ಗೆದ್ದವರು ಯಾರು?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಭಿಮಾನಿಗಳ ನಡುವೆ ಪ್ರಕಾಶಕರ ಮಾತು ಬಂದಾಗಲೆಲ್ಲ ಯಾರಾದರೊಬ್ಬರು 2023ರ ಜನವರಿಯನ್ನು ನೆನಪಿಸುತ್ತಾರೆ. ಆಟದ ನಿಯಮಗಳನ್ನು ಬಳಸಲು ಎಲ್ಲರಿಗೂ ಕೊಟ್ಟಿದ್ದ ಓಜಿಎಲ್ ಎಂಬ ಪರವಾನಗಿಯನ್ನು ಬದಲಿಸಲು ಹೊರಟ ಪ್ರಕಾಶಕ ಕಂಪನಿ ಆ ತಿಂಗಳು ಹಿಂದೆ ಸರಿದಿತ್ತು. ‘ನಾವು ಕೂಗಿದೆವು, ಕಂಪನಿ ಬಗ್ಗಿತು’ ಎಂಬುದು ಅವರ ಕಥೆ. ಯೂಟ್ಯೂಬ್ ವ್ಯಾಖ್ಯಾನಕಾರರು ಇದನ್ನು ಎಷ್ಟು ಸಲ ಹೇಳಿದ್ದಾರೆಂದರೆ ಈಗ ಅದೇ ಇತಿಹಾಸವಾಗಿಬಿಟ್ಟಿದೆ. ನನಗೆ ಇದು ಒಪ್ಪಿಗೆಯಿಲ್ಲ. ಆ ಜಗಳವನ್ನು ಗೆಲ್ಲಿಸಿದವರು ಷರತ್ತುಗಳನ್ನು ಕೂತು ಓದಿದವರು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ‘ಸೇತುವೆ ಮುರಿದಿದೆ, ಕೆಳಗೆ ಹೊಳೆ ಉಕ್ಕುತ್ತಿದೆ, ಏನು ಮಾಡುತ್ತೀರಿ?’ ಎಂದು ಕಥೆ ನಡೆಸುವ ಡಂಜನ್ ಮಾಸ್ಟರ್ ಕೇಳುತ್ತಾರೆ. ‘ಮರಕ್ಕೆ ಹಗ್ಗ ಬಿಗಿದು ದಾಟುತ್ತೇನೆ’ ಎನ್ನುತ್ತಾಳೆ ಒಬ್ಬಳು. ಇಪ್ಪತ್ತು ಮುಖದ ದಾಳ ಉರುಳುತ್ತದೆ. ಹದಿನೇಳು ಬಿದ್ದರೆ ಆಚೆ ದಡ, ಮೂರು ಬಿದ್ದರೆ ಹೊಳೆಪಾಲು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ ಈ ಆಟ ಮುಂದೆ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿಯ ಕೈಗೆ, 1999ರಲ್ಲಿ ಆ ಕಂಪನಿಯ ಸಮೇತ ಹ್ಯಾಸ್‌ಬ್ರೋ ತೆಕ್ಕೆಗೆ ಹೋಯಿತು.

2000ದಲ್ಲಿ ಬಂದ ಓಪನ್ ಗೇಮ್ ಲೈಸೆನ್ಸ್, ಅಂದರೆ ಓಜಿಎಲ್, ಆಟದ ಮೂಲ ನಿಯಮಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ರಯಾನ್ ಡ್ಯಾನ್ಸಿ ಇದರ ಹಿಂದಿದ್ದವರು, ಮುಕ್ತ ತಂತ್ರಾಂಶದ ಪರವಾನಗಿಗಳೇ ಅವರಿಗೆ ಪ್ರೇರಣೆ. ಯಾರನ್ನೂ ಕೇಳದೆ, ಕಾಸು ಕೊಡದೆ ಆ ನಿಯಮಗಳ ಮೇಲೆ ನಿಮ್ಮದೇ ಪುಸ್ತಕ ಬರೆದು ಮಾರಬಹುದಿತ್ತು. ಇದನ್ನೇ ನಂಬಿ ನೂರಾರು ಸಣ್ಣ ಪ್ರಕಾಶಕರು ಬದುಕು ಕಟ್ಟಿಕೊಂಡರು. 2009ರಲ್ಲಿ ಪೈಜೋ ಕಂಪನಿ ತಂದ ಪಾತ್‌ಫೈಂಡರ್ ಆಟ ನಿಂತದ್ದೂ ಇದೇ ನೆಲದ ಮೇಲೆ.

2023ರ ಜನವರಿ 5ರಂದು ಪತ್ರಕರ್ತರಾದ ಲಿಂಡಾ ಕೊಡೆಗಾ, ಸೋರಿಕೆಯಾದ ಓಜಿಎಲ್‌ನ ಹೊಸ ಕರಡನ್ನು ಓದಿ ವರದಿ ಮಾಡಿದರು. ವರ್ಷಕ್ಕೆ ಏಳೂವರೆ ಲಕ್ಷ ಡಾಲರ್ ಮೀರಿದ ಆದಾಯದ ಮೇಲೆ ಶೇಕಡಾ 25ರವರೆಗೆ ರಾಯಲ್ಟಿ ಎಂದು ಅದರಲ್ಲಿತ್ತು. ಗಮನಿಸಿ, ಇದು ಲಾಭದ ಮೇಲಲ್ಲ, ಒಟ್ಟು ಆದಾಯದ ಮೇಲೆ. ಹತ್ತು ಲಕ್ಷ ಡಾಲರ್ ವಹಿವಾಟು ಮಾಡಿದವರು ಮುದ್ರಣ, ಸಾಗಣೆ, ಚಿತ್ರಕಾರರ ಸಂಭಾವನೆ ಎಲ್ಲ ತೆತ್ತು ಕೈಯಲ್ಲಿ ಏನೂ ಉಳಿಯದಿದ್ದರೂ 62,500 ಡಾಲರ್ ಕೊಡಬೇಕಾಗುತ್ತಿತ್ತು. ಅದಕ್ಕಿಂತ ಘೋರವಾದದ್ದು, ಹಳೆಯ ಪರವಾನಗಿಗೆ ಇನ್ನು ಮಾನ್ಯತೆಯಿಲ್ಲ ಎಂಬ ಮಾತು.

ಓದಿದವರ ಕೆಲಸ ಶುರುವಾದದ್ದು ಇಲ್ಲಿಂದ. ಹಳೆಯ ಓಜಿಎಲ್‌ನ ನಾಲ್ಕನೆಯ ಕಲಮಿನಲ್ಲಿ ಅನುಮತಿ ‘ಶಾಶ್ವತ’ ಎಂದಿತ್ತು, ‘ಹಿಂಪಡೆಯಲಾಗದ’ ಎಂದಿರಲಿಲ್ಲ. ಒಂಬತ್ತನೆಯ ಕಲಮಿನಲ್ಲಿ ‘ಅಧಿಕೃತ’ ಆವೃತ್ತಿಯನ್ನು ಬಳಸಬಹುದು ಎಂದಿತ್ತು. ಹಳೆಯದು ಇನ್ನು ಅಧಿಕೃತವಲ್ಲ ಎನ್ನಲು ಕಂಪನಿ ಈ ಸಂದಿಯಲ್ಲೇ ನುಗ್ಗಲು ನೋಡಿತು. ಆಗ ಅಭಿಮಾನಿಗಳು ವಿಝರ್ಡ್ಸ್‌ನದೇ ಹಳೆಯ ಪ್ರಶ್ನೋತ್ತರ ಪುಟವನ್ನು ಅಂತರ್ಜಾಲದ ಸಂಗ್ರಹದಿಂದ ಹೊರತೆಗೆದರು. ಪರವಾನಗಿ ಬದಲಾಗಿ, ನಿಮಗೆ ಹಿಡಿಸದಿದ್ದರೆ ಹಿಂದಿನದನ್ನೇ ಬಳಸಿಕೊಳ್ಳಿ ಎಂದು ಕಂಪನಿಯೇ ಅದರಲ್ಲಿ ಬರೆದಿತ್ತು. ಇಪ್ಪತ್ತು ವರ್ಷ ಹಳೆಯ ಒಂದು ಪುಟವನ್ನು ಹುಡುಕಿ ತೆಗೆದ ಆ ತಾಳ್ಮೆಗೆ ನಾನು ಕೈಮುಗಿಯುತ್ತೇನೆ.

ಕೂಗಾಟದಿಂದ ಉಪಯೋಗವೇ ಆಗಲಿಲ್ಲ ಎನ್ನುವುದಿಲ್ಲ. ಆಟದ ಆನ್‌ಲೈನ್ ಸೇವೆಯಾದ ಡಿ ಅಂಡ್ ಡಿ ಬಿಯಾಂಡ್‌ನ ಚಂದಾ ರದ್ದುಮಾಡಿ ಎಂಬ ಕರೆ ಕಂಪನಿಗೆ ಬಿಸಿ ಮುಟ್ಟಿಸಿತು. ಆದರೆ ಅದೇ ಕೂಗಾಟದಲ್ಲಿ ಸುಳ್ಳೂ ಸೇರಿಕೊಂಡಿತು. ತಿಂಗಳಿಗೆ 30 ಡಾಲರ್ ಚಂದಾ ಬರಲಿದೆ ಎಂಬ ವದಂತಿ ಹಬ್ಬಿತು, ಕಂಪನಿ ಅಲ್ಲಗಳೆಯಿತು. ಅಭಿಮಾನಿಗಳ ಸಮೀಕ್ಷೆಯ ಉತ್ತರಗಳನ್ನು ವಿಝರ್ಡ್ಸ್‌ನಲ್ಲಿ ಯಾರೂ ಓದುವುದೇ ಇಲ್ಲ ಎಂಬ ಆರೋಪವೂ ಜೋರಾಗಿ ಹರಿದಾಡಿತು. ಓದುತ್ತಿದ್ದೆವು ಎಂದು ಅಲ್ಲಿ ಕೆಲಸ ಮಾಡಿದವರೇ ಮುಂದೆ ಬಂದು ಹೇಳಬೇಕಾಯಿತು.

ಈ ಎರಡನೆಯ ಸುಳ್ಳು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ. ಓಜಿಎಲ್ 1.2 ಎಂಬ ತಿದ್ದಿದ ಕರಡಿನ ಬಗ್ಗೆ ಕಂಪನಿ ಸಮೀಕ್ಷೆ ನಡೆಸಿತು. 15,000ಕ್ಕೂ ಹೆಚ್ಚು ಜನ ಉತ್ತರಿಸಿದರು. ಅದರಡಿ ಪ್ರಕಟಿಸಲಾರೆವು ಎಂದವರು ಶೇಕಡಾ 88, ಹಳೆಯದರ ಮಾನ್ಯತೆ ಕಿತ್ತುಹಾಕುವುದು ಒಪ್ಪಿಗೆಯಿಲ್ಲ ಎಂದವರು ಶೇಕಡಾ 89. ಜನವರಿ 27ರಂದು ಕಂಪನಿ ಹಿಂದೆ ಸರಿದಾಗ ಮುಂದಿಟ್ಟದ್ದು ಇದೇ ಅಂಕಿಗಳನ್ನು. ‘ಅವರು ಓದುವುದಿಲ್ಲ’ ಎಂಬ ಮಾತನ್ನು ನಂಬಿ ಎಲ್ಲರೂ ಸಮೀಕ್ಷೆ ಬಿಟ್ಟಿದ್ದರೆ? ಉತ್ತರ ಬರೆದವರ ಮುಖ ಯಾವ ವಿಡಿಯೋದಲ್ಲೂ ಇಲ್ಲ. ಅವರು ಒಂದೊಂದೇ ಷರತ್ತಿಗೆ ತಮ್ಮ ಆಕ್ಷೇಪ ಬರೆದು ಎದ್ದುಹೋದವರು.

ಆ ಜನವರಿಯ ನಂತರ ಸಿಟ್ಟೇ ಕೆಲವರ ದಂಧೆಯಾಯಿತು. ಹೊಸ ಪುಸ್ತಕ ಬಂದರೆ ದ್ರೋಹ, ಬೆಲೆ ಏರಿದರೆ ದ್ರೋಹ, ಒಂದು ಮಂತ್ರದ ನಿಯಮ ಬದಲಾದರೂ ದ್ರೋಹ. 2023ರ ಕೊನೆಯಲ್ಲಿ ಹ್ಯಾಸ್‌ಬ್ರೋ ಸುಮಾರು 1,100 ಜನರನ್ನು ಕೆಲಸದಿಂದ ತೆಗೆಯುವುದಾಗಿ ಹೇಳಿತಲ್ಲ, ಅದು ನಿಜಕ್ಕೂ ಸಿಟ್ಟಾಗಬೇಕಾದ ವಿಷಯ. ನಿತ್ಯ ಎಲ್ಲದಕ್ಕೂ ಒಂದೇ ದನಿಯಲ್ಲಿ ಅರಚುವವರು ಅದಕ್ಕೆ ಬೇರೆ ದನಿ ಎಲ್ಲಿಂದ ತರಬೇಕು? ಇನ್ನೊಂದು ಬದಿಯಲ್ಲಿ, ‘ಕಂಪನಿ ಎಂದಮೇಲೆ ದುಡ್ಡು ಮಾಡಬೇಡವೇ’ ಎನ್ನುವವರೂ ಇದ್ದಾರೆ. ಮಾಡಲಿ. ಕೊಟ್ಟ ಮಾತನ್ನು ಇಪ್ಪತ್ತು ವರ್ಷದ ನಂತರ ಕಿತ್ತುಕೊಂಡು ಮಾಡುವುದು ಬೇಡ.

ಹಾಗೆಂದು ಎಲ್ಲವೂ ಬಗೆಹರಿದಿಲ್ಲ. ಅಂದು ಕಂಪನಿ ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಬಳಕೆಯ ಪರವಾನಗಿಗೆ ಸೇರಿಸಿದ್ದು ಐದನೆಯ ಆವೃತ್ತಿಯ 5.1 ನಿಯಮಸಂಗ್ರಹವನ್ನು ಮಾತ್ರ. ಅದನ್ನು ಇನ್ನು ಯಾರೂ ಹಿಂಪಡೆಯಲಾರರು. ಹಳೆಯ ಓಜಿಎಲ್‌ ಅನ್ನು ಮುಟ್ಟುವುದಿಲ್ಲ ಎಂದರೇ ಹೊರತು ಅದರ ಷರತ್ತಿನಲ್ಲಿದ್ದ ಸಂದಿಯನ್ನು ಮುಚ್ಚಲಿಲ್ಲ. ಪೈಜೋ ಮತ್ತಿತರರು ಸೇರಿ ಅದೇ ವರ್ಷ ಓಆರ್‌ಸಿ ಎಂಬ ಬೇರೆಯದೇ ಮುಕ್ತ ಪರವಾನಗಿ ತಂದರು, ಅದರಲ್ಲಿ ಹಿಂಪಡೆಯಲಾಗದು ಎಂದು ಸ್ಪಷ್ಟವಾಗಿ ಬರೆದರು. ಮೂರನೆಯ ಆವೃತ್ತಿಯ ನಿಯಮಗಳ ಮೇಲೆ ಹಳೆಯ ಓಜಿಎಲ್ ನಂಬಿ ಪುಸ್ತಕ ಮಾಡಿದವರಿಗೂ ಅಂಥದ್ದೇ ಲಿಖಿತ ಭದ್ರತೆ ಬೇಕು. ಕಂಪನಿಯ ಮುಂದಿನ ಸಮೀಕ್ಷೆ ಬಂದಾಗ ನಾನು ಮೊದಲು ಬರೆಯುವುದು ಇದನ್ನೇ. ನೀವೂ ಬರೆಯಿರಿ.