ಹಾಕಿಕೊಳ್ಳುವವಳೇ ಕತ್ತರಿ ಹಿಡಿದಾಗ

ಹೆಣ್ಣುಮಕ್ಕಳ ಒಳಉಡುಪಿನ ಚರಿತ್ರೆ ಅಂದ ತಕ್ಷಣ ಲೇಸು, ರೇಷ್ಮೆ, ಫ್ಯಾಷನ್ ಅಂತ ಬರೆಯುವವರೇ ಜಾಸ್ತಿ. ನನಗೆ ಅದರಲ್ಲಿ ಮೊದಲು ಕಾಣುವುದು ಭಾರ. ತಕ್ಕಡಿಯಲ್ಲಿಟ್ಟು ತೂಗುವಂಥ ಭಾರ.

19ನೇ ಶತಮಾನದ ಇಂಗ್ಲೆಂಡಿನ ಅನುಕೂಲಸ್ಥ ಹೆಂಗಸನ್ನೇ ನೋಡಿ. ಮೈಗೆ ತಾಗಿದಂತೆ ಮೊದಲು ಶೆಮೀಸ್ ಅನ್ನುವ ಒಂದು ತೆಳು ಒಳಅಂಗಿ. ಅದರ ಮೇಲೆ ಉಕ್ಕಿನ ಪಟ್ಟಿಯನ್ನೋ ತಿಮಿಂಗಿಲದ ಬಾಯಿಂದ ತೆಗೆದ ಪಟ್ಟಿಯನ್ನೋ ಕೂರಿಸಿ, ಬೆನ್ನಿಗೆ ದಾರ ಬಿಗಿದ ಕಾರ್ಸೆಟ್. ಕೆಳಗೆ ಒಂದರ ಮೇಲೊಂದು ಒಳಲಂಗ. 1881ರಲ್ಲಿ ಲಂಡನ್ನಿನಲ್ಲಿ ರ‍್ಯಾಷನಲ್ ಡ್ರೆಸ್ ಸೊಸೈಟಿ ಹುಟ್ಟಿತು. ಒಳಉಡುಪೆಲ್ಲ ಸೇರಿ 7 ಪೌಂಡ್ ಮೀರಬಾರದು ಅಂತ ಅದು ಹೇಳಿತು. ಅಂದರೆ 3 ಕೆಜಿಗೂ ಜಾಸ್ತಿ! ಭಾರ ಇಳಿಸಿ ಅಂತ ಗಲಾಟೆ ಮಾಡಿದವರು ಹಾಕಿದ ಮಿತಿಯೇ ಇಷ್ಟು.

ಆ ಕಾಲದ ಚಡ್ಡಿಗೆ ನಡುವೆ ಹೊಲಿಗೆಯೇ ಇರುತ್ತಿರಲಿಲ್ಲ. ಮೊಣಕಾಲು ದಾಟುವ ಎರಡು ಕಾಲುಗಳು, ಎರಡನ್ನೂ ಸೊಂಟದ ಪಟ್ಟಿಗೆ ಸೇರಿಸಿದರೆ ಮುಗಿಯಿತು. ಇದನ್ನು ಕೇಳಿ ನಗುವವರಿದ್ದಾರೆ. ಕಾರ್ಸೆಟ್ ಬಿಗಿದು, ಅಷ್ಟೊಂದು ಲಂಗ ಹೊತ್ತವಳು ಮೂತ್ರಕ್ಕೆ ಹೋಗಬೇಕಲ್ವಾ? ಪ್ರತಿಸಲ ಅಷ್ಟನ್ನೂ ಬಿಚ್ಚಿ ಕಟ್ಟುವುದು ಆಗುವ ಮಾತೇ? ಅದು ಬುದ್ಧಿವಂತರ ಹೊಲಿಗೆ.

1914ರಲ್ಲಿ ನ್ಯೂಯಾರ್ಕಿನ ಮೇರಿ ಫೆಲ್ಪ್ಸ್ ಜೇಕಬ್ ಬ್ರಾಗೆ ಪೇಟೆಂಟ್ ಪಡೆದರು. ಪಾರ್ಟಿಯ ತೆಳು ಗೌನಿನಡಿ ಕಾರ್ಸೆಟ್ ಎದ್ದು ಕಾಣುತ್ತಿತ್ತು ಅಂತ ಎರಡು ಕರ್ಚೀಫು, ಒಂದಿಷ್ಟು ರಿಬ್ಬನ್ ಸೇರಿಸಿ ಹೊಲಿದಿದ್ದೇ ಅದಕ್ಕೆ ಮೂಲ.

ನನಗೆ ಇನ್ನೂ ಇಷ್ಟವಾಗುವುದು 1977ರ ಕಥೆ. ಅಮೆರಿಕದ ವರ್ಮಾಂಟಿನಲ್ಲಿ ಲೀಸಾ ಲಿಂಡಾಲ್ ಓಡುವ ಅಭ್ಯಾಸ ಇಟ್ಟುಕೊಂಡಿದ್ದರು. ಎದೆ ನೋಯುತ್ತಿತ್ತು, ಬ್ರಾ ಪಟ್ಟಿ ಭುಜದಿಂದ ಜಾರುತ್ತಿತ್ತು. ನಾಟಕಗಳಿಗೆ ವಸ್ತ್ರ ವಿನ್ಯಾಸ ಮಾಡುತ್ತಿದ್ದ ಪಾಲಿ ಸ್ಮಿತ್ ಮತ್ತು ಹಿಂಡಾ ಮಿಲ್ಲರ್ ಜೊತೆಗೂಡಿದರು. ಗಂಡಸರು ಆಟಕ್ಕೆ ಹಾಕುವ ಎರಡು ಸಪೋರ್ಟರ್ ಕತ್ತರಿಸಿ, ಸೇರಿಸಿ ಹೊಲಿದರು. ಪಟ್ಟಿಗಳು ಬೆನ್ನ ಮೇಲೆ ಅಡ್ಡ ಹಾಯುತ್ತಿದ್ದವು, ಹಾಗಾಗಿ ಜಾರಲಿಲ್ಲ. ಚರ್ಮಕ್ಕೆ ಉಜ್ಜದಿರಲಿ ಅಂತ ಹೊಲಿಗೆಯನ್ನು ಹೊರಮೈಗೆ ತಂದರು. ಸ್ಪೋರ್ಟ್ಸ್ ಬ್ರಾ ಬಂದಿದ್ದು ಹೀಗೆ. ಹೊಲಿಗೆ ಎಲ್ಲಿ ಉಜ್ಜುತ್ತದೆ ಅಂತ ಓಡಿ ಬೆವರಿದವಳಿಗೆ ತಾನೇ ಗೊತ್ತು?

ನಮ್ಮೂರುಗಳ ಎಷ್ಟೋ ಅಂಗಡಿಗಳಲ್ಲಿ ಇಂದಿಗೂ ಕೌಂಟರಿನ ಆಚೆ ಗಂಡಸೇ ನಿಂತಿರುತ್ತಾನೆ. ಬ್ರಾ ಕೊಳ್ಳಲು ಬಂದ ಹುಡುಗಿ ಮೆಲ್ಲಗೆ ಅಳತೆಯ ಒಂದು ನಂಬರ್ ಹೇಳುತ್ತಾಳೆ. ಅದು ಅವಳ ಅಮ್ಮ ಎಂದೋ ಅಂದಾಜಿನ ಮೇಲೆ ಹೇಳಿದ ನಂಬರ್. ಪೇಪರಿನಲ್ಲಿ ಸುತ್ತಿದ್ದನ್ನು ಗಬಕ್ಕನೆ ಬ್ಯಾಗಿಗೆ ಹಾಕಿಕೊಂಡು ಹೊರಡುತ್ತಾಳೆ. ಆಮೇಲೆ ವರ್ಷಗಟ್ಟಲೆ ಭುಜದ ಮೇಲೆ ಪಟ್ಟಿಯ ಗುರುತು. ಅಂಗಡಿಯವರೇ, ಆ ಕೌಂಟರಿಗೆ ಒಬ್ಬ ಹೆಣ್ಣುಮಗಳನ್ನು ನೇಮಿಸಿ. ಅವಳ ಕೈಗೊಂದು ಅಳತೆ ಟೇಪು, ಪಕ್ಕದಲ್ಲಿ ಪರದೆ ಎಳೆದ ಒಂದು ಮೂಲೆ ಕೊಡಿ. ಸೀರೆ ವಿಭಾಗಕ್ಕೆ ಅಷ್ಟುದ್ದದ ಕನ್ನಡಿ ಹಾಕಿಸುವ ನಿಮಗೆ ಇದೇನೂ ದೊಡ್ಡ ಖರ್ಚಲ್ಲ.