ಗೇಟಿನ ಹೊರಗೆ ಕಂಪನಿಗೆ ಸಂಬಂಧವಿಲ್ಲ ಎನ್ನುವುದು ತಪ್ಪು

ಗ್ಯಾಸ್ ಸೋರಿದರೆ ಕಂಪನಿಯ ಹೊಣೆ ಗೇಟಿನ ತನಕ ಮಾತ್ರ, ಹೊರಗಿನದ್ದೆಲ್ಲ ಸರ್ಕಾರದ್ದು ಅಂತ ಒಂದು ಮೆಸೇಜ್ ಓಡಾಡ್ತಾ ಇದೆ. ಅರ್ಧ ನಿಜ, ಅರ್ಧ ತಪ್ಪು. ಆ ತಪ್ಪು ಅರ್ಧವೇ ಜಾಸ್ತಿ ಅಪಾಯ.

ಅಪಾಯಕಾರಿ ರಾಸಾಯನಿಕಗಳ 1989ರ ನಿಯಮಗಳ ಪ್ರಕಾರ, ಒಳಗಿನ ತುರ್ತು ಯೋಜನೆ ಕಂಪನಿಯದ್ದು, ಹೊರಗಿನದ್ದು ಜಿಲ್ಲಾಡಳಿತದ್ದು, ನಿಜ. ಆದರೆ ಹೊರಗಿನ ಯೋಜನೆಗೆ ಬೇಕಾದ ಮಾಹಿತಿ ಕಂಪನಿಯೇ ಕೊಡಬೇಕು. ಯಾವ ರಾಸಾಯನಿಕ, ಎಷ್ಟಿದೆ ಅಂತ ಗೊತ್ತಿಲ್ಲದೆ ಫೈರ್ ಎಂಜಿನ್‌ನವರು ಬಂದು ಏನು ಮಾಡ್ತಾರೆ ಹೇಳಿ? ಸುತ್ತಲಿನ ಜನರಿಗೆ ಮೊದಲೇ ತಿಳಿಸುವುದೂ ಕಂಪನಿಯ ಕೆಲಸವೇ. ರಾಸಾಯನಿಕ ಅಪಘಾತಗಳ 1996ರ ನಿಯಮಗಳಲ್ಲಿ ಇಂಥ ಬಿಕ್ಕಟ್ಟು ನಿಭಾಯಿಸಲು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಗುಂಪು ಇದೆ, ಸ್ಥಳೀಯ ಗುಂಪೂ ಇದೆ. ಕಾರ್ಖಾನೆಯವರು, ಅಗ್ನಿಶಾಮಕದವರು, ಪೊಲೀಸರು, ವೈದ್ಯರು ಒಟ್ಟಿಗೆ ಕೂರಬೇಕು, ಅಣಕು ಕಾರ್ಯಾಚರಣೆ ಮಾಡಬೇಕು.

2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಲ್ಲಿ ಸ್ಟೈರೀನ್ ಎಂಬ ವಿಷಕಾರಿ ರಾಸಾಯನಿಕದ ಆವಿ ಸೋರಿದಾಗ ಜನ ಮನೆಗಳಲ್ಲಿ ಮಲಗಿದ್ದರು. ಸೈರನ್ ಇತ್ತು, ಮೊಳಗಲಿಲ್ಲ. ಇದನ್ನು ಹೇಳಿದ್ದು ಆಂಧ್ರ ಸರ್ಕಾರ ನೇಮಿಸಿದ್ದ ಸಮಿತಿಯೇ. ಆ ಒಂದು ಸದ್ದು ಗೇಟಿನ ಹೊರಗಿನವರಿಗೂ ಬೇಕಿತ್ತು ಅಲ್ವಾ?

ಹಾಗಾಗಿ ಆ ಮೆಸೇಜನ್ನು ಸುಮ್ನೆ ಮುಂದೆ ಕಳಿಸಬೇಡಿ. ನಿಮ್ಮೂರ ಕಾರ್ಖಾನೆಯ ಕಂಬದ ಮೇಲೆ ಗಾಳಿಗೆ ಉಬ್ಬುವ ಪಟ್ಟೆ ಬಟ್ಟೆಯ ಚೀಲ ಇರುತ್ತಲ್ಲ, ಅದು ತೋರಿಸುವುದು ಗಾಳಿಯ ದಿಕ್ಕು. ಗ್ಯಾಸ್ ಸೋರಿ ಹೊರಡಲು ಹೇಳಿದರೆ ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ, ಅಂದರೆ ಅದರ ಎಡಕ್ಕೋ ಬಲಕ್ಕೋ ನಡೆಯಿರಿ.