ಹೆಬ್ಬೆರಳು ಒಪ್ಪಿದರೆ ನೀವು ನೀವೇ

ಸಿಮೆಂಟು ಕಲೆಸಿ, ಬೀಡಿ ಕಟ್ಟಿ, ಪಾತ್ರೆ ಉಜ್ಜಿ ಸವೆದ ಕೈಗಳ ಗಮನಕ್ಕೆ: ನ್ಯಾಯಬೆಲೆ ಅಂಗಡಿಗೆ ನೀವು ಬಂದರೆ ಸಾಲದು, ರೇಖೆಗಳನ್ನೂ ಕರೆತನ್ನಿ.

ಹೆಬ್ಬೆಟ್ಟು ಕೊಡುವ ಕ್ರಮ ಹೀಗೆ. ಬೆರಳು ಒಣಗಿದ್ದರೆ ಒದ್ದೆ ಬಟ್ಟೆಗೆ ಒತ್ತಿ, ಬೆವರಿದ್ದರೆ ಸೆರಗಿಗೆ ಒರೆಸಿ. ಗಾಜಿನ ಮೇಲೆ ಹಿಂದಿನವರ ಜಿಡ್ಡಿದ್ದರೆ ಅದನ್ನೂ ಒರೆಸಿ. ಜೋರಾಗಿ ಒತ್ತಬೇಡಿ, ರೇಖೆ ಚಪ್ಪಟೆಯಾಗುತ್ತದೆ. ಹೆಬ್ಬೆರಳು ಒಲ್ಲೆನೆಂದರೆ ತೋರುಬೆರಳು, ಆಮೇಲೆ ಉಳಿದವು. ಹತ್ತೂ ಕೈಕೊಟ್ಟರೆ ಒಟಿಪಿ. ಅದು ಹೋಗುವುದು ಆಧಾರಿಗೆ ಜೋಡಿಸಿದ ನಂಬರಿಗೆ. ರೀಚಾರ್ಜ್ ಇಲ್ಲದೆ ಸತ್ತ ಆ ನಂಬರು ಅಷ್ಟರಲ್ಲಿ ಬೇರೆ ಯಾರದೋ ಜೇಬಿನಲ್ಲಿ ಮರುಜನ್ಮ ಪಡೆದಿರಬಹುದು. ಆಗ ನೀವು ನೀವೇ ಎಂಬ ಸಾಕ್ಷಿ ಅವರ ಬಳಿ, ಖಾಲಿ ಚೀಲ ನಿಮ್ಮ ಬಳಿ.

ಇನ್ನು ಹೆಸರು. ಊರನ್ನೂ ಅಪ್ಪನನ್ನೂ ಇನಿಷಿಯಲ್ಲಿನೊಳಗೆ ಮಡಚಿಡುವುದು ನಮ್ಮ ರೂಢಿ. ಆಧಾರಿಗೆ ಅದು ಸೈ. ಪಾನ್ ಕಾರ್ಡಿಗೆ ಆಗದು, ಬಿಡಿಸಿ ಬರೆಯಬೇಕು. ಬ್ಯಾಂಕಿನವರು ಕೊನೆಗೊಂದು ಇಂಗ್ಲಿಷ್ ‘ಎ’ ಹೆಚ್ಚಿಗೆ ಕುಟ್ಟಿರುತ್ತಾರೆ. ಹೀಗೆ ಒಬ್ಬಳೇ ಲಕ್ಷ್ಮಮ್ಮ ಕಂಪ್ಯೂಟರಿಗೆ ಮೂವರಾಗಿ ಕಾಣುತ್ತಾಳೆ. ಗೃಹಲಕ್ಷ್ಮಿಯ 2000 ರೂಪಾಯಿಗೆ ಮಾತ್ರ ಒಬ್ಬಳೂ ಸಿಗುವುದಿಲ್ಲ. ತಿದ್ದಿಸಬಹುದು. ಆಧಾರಿನಲ್ಲಿ ಹೆಸರಿಗೆ ಜನ್ಮಕ್ಕೆರಡು ಅವಕಾಶ, ಹುಟ್ಟಿದ ದಿನಕ್ಕೆ ಒಂದೇ. (ಬರೀ ವಯಸ್ಸು ಹೇಳಿದವರೆಲ್ಲ ಜನವರಿ 1ರಂದೇ ಹುಟ್ಟಿದ್ದಾರೆ. ಸಂಕ್ರಾಂತಿಗೂ ಮುಂಚಿನ ಸಾಮೂಹಿಕ ಹಬ್ಬ.)

ಗುಟ್ಟು ರಟ್ಟಾದೀತೆಂಬ ಚಿಂತೆ ಬೇಡ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲೇ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಹೇಳಿದರು. ಮರುವರ್ಷ ಕೇಂದ್ರ ಸರ್ಕಾರದ ವಕೀಲರಾದ ಅಟಾರ್ನಿ ಜನರಲ್ ಅದೇ ಕೋರ್ಟಿಗೆ ಧೈರ್ಯ ತುಂಬಿದರು: ಆಧಾರ್ ದತ್ತಾಂಶದ ಸುತ್ತ 13 ಅಡಿ ಎತ್ತರ, 5 ಅಡಿ ದಪ್ಪದ ಗೋಡೆಯಿದೆ. ಅಂದರೆ ಕಳ್ಳ ಏಣಿ ಹಾಕಿಕೊಂಡೇ ಬರಬೇಕು. ಜೆರಾಕ್ಸ್ ಅಂಗಡಿಯ ವಾಟ್ಸಾಪಿಗೆ ನಾವೇ ಕಳಿಸಿಟ್ಟ ಕಾರ್ಡುಗಳು ಗೋಡೆಯ ಈಚೆಗಿವೆ, ಅವು ಲೆಕ್ಕಕ್ಕಿಲ್ಲ.

ಒಮ್ಮೆ ಮಾತ್ರ ಸತ್ಯ ಬಾಯಿತಪ್ಪಿ ಹೊರಬಿತ್ತು. 2022ರ ಮೇ 27ರಂದು ಆಧಾರ್ ಕೊಡುವ ಸಂಸ್ಥೆ ಯುಐಡಿಎಐಯ ಬೆಂಗಳೂರು ಕಚೇರಿ, ಆಧಾರ್ ಪ್ರತಿಯನ್ನು ಯಾವ ಸಂಸ್ಥೆಗೂ ಕೊಡಬೇಡಿ, ದುರ್ಬಳಕೆಯಾದೀತು, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಕೊಡಿ ಎಂದಿತು. 29ರಂದು ಕೇಂದ್ರ ಸರ್ಕಾರ ಆ ಪ್ರಕಟಣೆಯನ್ನು ಹಿಂತೆಗೆದುಕೊಂಡಿತು. ಜನ ತಪ್ಪು ತಿಳಿದಾರಂತೆ. ಕೊಡುವಾಗ ಸಾಮಾನ್ಯ ವಿವೇಕ ಬಳಸಿದರೆ ಸಾಕಂತೆ. ವಿವೇಕಕ್ಕೆ ಅರ್ಜಿ ಯಾವ ಕೌಂಟರಿನಲ್ಲಿ ಎಂಬುದನ್ನು ತಿಳಿಸಲಿಲ್ಲ.

ಮಾಸ್ಕ್ಡ್ ಪ್ರತಿ ಈಗಲೂ ಸಿಗುತ್ತದೆ. ಜಾಲತಾಣದಿಂದ ಇಳಿಸಿಕೊಳ್ಳಿ. ಪಿಡಿಎಫ್ ತೆರೆಯುವ ಪಾಸ್‌ವರ್ಡು: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಜೊತೆಗೆ ಹುಟ್ಟಿದ ವರ್ಷ. ಇನಿಷಿಯಲ್ಲಿನ ಚುಕ್ಕಿಯೂ ಲೆಕ್ಕಕ್ಕುಂಟು. ಈ ಪರಮ ರಹಸ್ಯ ಕಾರ್ಡಿನ ಮೇಲೆಯೇ ಅಚ್ಚಾಗಿದೆ. ಪ್ರಿಂಟು ತೆಗೆದು ಲಾಡ್ಜಿನ ಕೌಂಟರಿಗೆ ಕೊಡಿ. ಹುಡುಗ ತಿರುಗಿಸಿ ಮುರುಗಿಸಿ ನೋಡಿ ಹೇಳುತ್ತಾನೆ: “ಸಾರ್, ನಂಬರ್ ಪೂರ್ತಿ ಬಂದಿಲ್ಲ. ಒರಿಜಿನಲ್ ಕೊಡಿ, ಫೋಟೊ ಹೊಡ್ಕೋತೀನಿ.”